ಗಿಟಾರಿನ ಮರೆಯಲ್ಲಿ ಅತ್ತವರು

ಶಟರ್ ಕಿರ್ರೆಂದು ಮೇಲೆದ್ದಿತು. ವಚನಾ ಬೆಚ್ಚಿ ಹಿಂದೆ ಸರಿದಳು.

ಎದುರಿಗೆ ಒಬ್ಬ ಗಂಡಸು ನಿಂತಿದ್ದ. ಹೆಗಲಿಗೆ ಬಿದ್ದ ಕೂದಲು, ತೋಳು ಹರಿದ ಕಪ್ಪು ಅಂಗಿ, ಕುತ್ತಿಗೆಯ ನರಗಳು ಇನ್ನೂ ಉಬ್ಬಿಕೊಂಡೇ ಇದ್ದವು. ಮುಖವೆಲ್ಲ ಬೆವರು. ಕಣ್ಣು ಮಾತ್ರ ಕೆಂಪಗೆ... ಈಗಷ್ಟೇ ಅತ್ತವನ ಕಣ್ಣು.

'ಪಾಪ, ಎಷ್ಟ ಅತ್ತಾನೋ ಏನೋ...' ಅಂದುಕೊಂಡಳು.

ಕೈಯಲ್ಲಿದ್ದ ಬುತ್ತಿಯನ್ನು ಮುಂದೆ ಚಾಚಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಸ್ಟೀಲ್ ಡಬ್ಬಿಯಲ್ಲಿ ಹೆಸರುಬೇಳೆ ಪಲ್ಯ. ಬೇಲಿ ಸುತ್ತಿ ಬರುವಷ್ಟರಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷ್ ಮಾತನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ನಾವು ಪಕ್ಕದ ಮನೆಯವರು, ನಿಮ್ಮ ದುಃಖ ಕೇಳಿ ಬಂದೆ, ತೀರಿಕೊಂಡವರು ಯಾರು ಅಂತ.

ಅವನ ಹಿಂದೆ ಡ್ರಮ್ಮುಗಳ ನಡುವೆ ಕೂತಿದ್ದ ದಪ್ಪನೆಯ, ಆ ನಾಡಿನ ಮೂಲನಿವಾಸಿ ಮಾವೋರಿ ಹುಡುಗ ಕೋಲು ಕೆಳಗಿಟ್ಟು, ಯಾರೂ ಸತ್ತಿಲ್ಲ, ಇದು ನಮ್ಮ ಬ್ಯಾಂಡಿನ ಪ್ರಾಕ್ಟೀಸು ಅಂದ. ಅವನ ಹೆಸರು ಹೇಮಿ ಅಂತ ಆಮೇಲೆ ಗೊತ್ತಾಯಿತು.

ಆಗ ವಚನಾಳ ಕಣ್ಣು ತೆರೆಯಿತು. ಎದೆಯೆತ್ತರದ ಸ್ಪೀಕರುಗಳು, ಹಾವಿನಂತೆ ಹರಡಿದ ವೈರು, ಗೋಡೆ ತುಂಬ ತಲೆಬುರುಡೆಯ ಚಿತ್ರಗಳು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಯ್ಯ ಶಿವನ..." ಅಂತ ಬಾಯಿಂದ ತಾನೇ ಬಂತು.

ಕೆಂಪು ಕಣ್ಣಿನವನು ತಟ್ಟನೆ ತಲೆಯೆತ್ತಿದ. "ನೀವು ಕನ್ನಡದವ್ರಾ?"

ವಚನಾ ಹೌದೆಂದು ತಲೆಯಾಡಿಸಿ, ಕ್ಷಮಿಸಿ, ನಮ್ಮವ್ವ ತಪ್ಪು ತಿಳಿದಳು ಅಂತ ತೊದಲುತ್ತಾ ಬುತ್ತಿಯನ್ನು ಹಿಂದಕ್ಕೆಳೆದುಕೊಂಡಳು. ಅವನು ಡಬ್ಬಿಯ ಮೇಲೆ ಕೈಯಿಟ್ಟ.

"ತಪ್ಪು ತಿಳಿದಿಲ್ಲ ಅವ್ರು. ನಮ್ಮಣ್ಣ ಹೋಗಿದಾನೆ. ಎರಡು ವರ್ಷ ಆಯ್ತು. ಊಟ ತಗೊಂಡು ಬಂದಿದ್ದು ನೀವೇ ಫಸ್ಟ್."

ಅವನ ಹೆಸರು ಕೇದಾರ. ಅವತ್ತು ಅವಳಿಗೆ ಅಷ್ಟೇ ಗೊತ್ತಾದದ್ದು.

ಈ ಎಡವಟ್ಟು ಹೇಗಾಯಿತು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ವಚನಾಳನ್ನು ಪೆದ್ದಿ ಅಂದುಕೊಳ್ಳುತ್ತೀರಿ. ಪೆದ್ದಿಯಲ್ಲ ಅವಳು. ಆಕ್ಲೆಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮೌಂಟ್ ರಾಸ್ಕಿಲ್‌ನ ಹಳೇ ಮರದ ಮನೆಯಲ್ಲಿ ಅವ್ವ ಗಂಗವ್ವನ ಜೊತೆ ಬಾಡಿಗೆಗಿದ್ದಾಳೆ. ಪಕ್ಕದ ಮನೆಯ ಹಿತ್ತಲ ಗ್ಯಾರೇಜಿಗೆ ಹೊಸಬನೊಬ್ಬ ಬಂದಿದ್ದಾನೆ ಅನ್ನುವುದು ಕಿವಿಗೆ ಬಿದ್ದಿತ್ತು, ಅಷ್ಟೇ.

ಆ ಭಾನುವಾರ ಮಧ್ಯಾಹ್ನ ಬೇಲಿಯಾಚೆಯಿಂದ ಒಂದು ಗಂಡು ದನಿ ಬಂತು. ಗಂಟಲು ಹರಿದುಹೋಗುವ ಹಾಗೆ ಕೂಗುತ್ತಿತ್ತು. ಒಂದು ಮಾತೂ ತಿಳಿಯುತ್ತಿರಲಿಲ್ಲ. ಸಾವಿನ ಮನೆಯ ಹಲಗೆಯ ಹಾಗೆ ಏನೋ ಬಡಿಯುವ ಸದ್ದೂ ಇತ್ತು. ಆದರೆ ಆ ಕೂಗಿನ ಕೆಳಗೆ ಒಂದು ರಾಗ ಸುತ್ತಿ ಸುತ್ತಿ ಬರುತ್ತಲೇ ಇತ್ತು.

ಆ ಬೀದಿಯ ಬೇರೆ ಯಾರಾದರೂ ಆಗಿದ್ದರೆ ಕೌನ್ಸಿಲ್‌ಗೆ ಫೋನ್ ಮಾಡಿ ಗಲಾಟೆಯ ದೂರು ಕೊಡುತ್ತಿದ್ದರು. ಗಂಗವ್ವ ಹಿಟ್ಟು ನಾದಲು ಕೂತಳು.

"ಯಾರೋ ತೀರಕೊಂಡಾರವ್ವಾ ಅಲ್ಲಿ. ಹಾಡ್ಯಾಡಿ ಅಳಾಕತ್ತಾನ ನೋಡು. ಸತ್ತ ಮನ್ಯಾಗ ಒಲಿ ಹಚ್ಚೂದಿಲ್ಲ. ಬುತ್ತಿ ಕೊಟ್ಟ ಬಾ."

ಗದಗ, ರೋಣದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಹೆಣದ ಮುಂದೆ ಕೂತು, ಸತ್ತವರ ಗುಣ, ಅವರ ಊಟ, ಅವರ ಸಿಟ್ಟು ಎಲ್ಲ ನೆನೆನೆನೆದು ರಾಗ ಎಳೆದು ಅಳುವುದಕ್ಕೆ ಹಾಡ್ಯಾಡಿ ಅಳುವುದು ಅನ್ನುತ್ತಾರೆ. ಅದು ಅಳುವೂ ಹೌದು, ಹಾಡೂ ಹೌದು. ಗಂಗವ್ವ ಅದರಲ್ಲಿ ಎತ್ತಿದ ಕೈ. ಓಣಿಯಲ್ಲಿ ಯಾರು ಸತ್ತರೂ ಅವಳು ಬಂದು ಕೂತು, ಅಣ್ಣಾ, ಯವ್ವಾ ಅಂತ ಸಂಬಂಧ ಹಿಡಿದು ಕರೆದ ಮೇಲೇ ಉಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು.

ಅಂಥ ಗಂಗವ್ವ ತನ್ನ ಗಂಡನಿಗೆ ಅಳಲಿಲ್ಲ.

ಮಗಳನ್ನು ನೋಡಿಹೋಗಲು ಬಂದವಳು ಕೊರೊನಾ ಕಾಲದಲ್ಲಿ ಗಡಿ ಮುಚ್ಚಿ ಇಲ್ಲೇ ಉಳಿದಳು. ಅತ್ತ ಗದಗದಲ್ಲಿ ಗಂಡ ಮುರುಗೆಪ್ಪ ಒಬ್ಬನೇ ಆಸ್ಪತ್ರೆ ಸೇರಿ, ಒಬ್ಬನೇ ಹೋದ. ಇಲ್ಲಿಂದ ಹೋದರೆ ತಿರುಗಿ ಬರುವ ದಾರಿ ಇರಲಿಲ್ಲ. ಯಾರೋ ಪುಣ್ಯಾತ್ಮರು ವಿಡಿಯೋ ಕಾಲ್ ಮಾಡಿದರು. ಪ್ಲಾಸ್ಟಿಕ್ ಚೀಲ ಕಂಡಿತು, ಗುಂಡಿ ಕಂಡಿತು, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಗಂಗವ್ವ ಫೋನನ್ನು ಟೇಬಲ್ ಮೇಲೆ ಬೋರಲು ಹಾಕಿ ಪಾತ್ರೆ ತೊಳೆಯಲು ಎದ್ದುಹೋದಳು.

ವಚನಾಳೂ ಅಳಲಿಲ್ಲ. ತಾನು ಅತ್ತರೆ ಅವ್ವ ಕುಸಿಯುತ್ತಾಳೆ ಅಂತ ಹಲ್ಲು ಕಚ್ಚಿ ತಡೆದಳು. ಆಮೇಲೆ ಅಳಬೇಕೆಂದರೂ ಬರಲಿಲ್ಲ. ಅಳುವಿನ ಜೊತೆ ಇನ್ನೂ ಏನೇನೋ ನಿಂತುಹೋದವು. ಯಾರ ಜೊತೆಗೂ ಮನಸ್ಸು ಬಿಚ್ಚಲಾರಳು. ಊರಿಂದ ಬಂದ ಸಂಬಂಧಗಳಿಗೆಲ್ಲ ಫೋಟೋ ಕೂಡ ನೋಡದೆ ಬೇಡ ಅಂದಳು. ಯಾರನ್ನಾದರೂ ಹತ್ತಿರ ಬಿಟ್ಟುಕೊಂಡರೆ ಒಳಗಿನ ಕಟ್ಟೆ ಒಡೆಯುತ್ತದೆ ಅನ್ನುವ ಭಯ ಅವಳಿಗೆ.

'ಒಮ್ಮೆ ಬಾಯಿ ಬಿಟ್ರ ನಿಲ್ಲೂದಿಲ್ಲ... ಆಮ್ಯಾಲೆ ಅವ್ವನ್ನ ಯಾರು ನೋಡ್ಕೋಬೇಕು?'

ಈಗ ಹೇಳಿ, ಇಂಥವಳ ಎದುರಿಗೆ ಆ ಶಟರ್ ಮೇಲೇಳಬೇಕೆ?

ಮಾರನೆಯ ವಾರ ಕೇದಾರ ಡಬ್ಬಿ ವಾಪಸು ತಂದ. ತೊಳೆದು, ಒರೆಸಿ, ಒಳಗೆ ಮ್ಯಾಂಡರಿನ್ ಹಣ್ಣು ತುಂಬಿ ತಂದಿದ್ದ. ಖಾಲಿ ಡಬ್ಬಿ ಕೊಡಬಾರದು ಅಂತ ಮೈಸೂರಿನ ಅಜ್ಜಿ ಹೇಳಿದ್ದು ನೆನಪಿತ್ತಂತೆ. ಗಂಗವ್ವ ಅಲ್ಲಿಗೇ ಸೋತಳು. "ಬಾ ತಮ್ಮಾ, ಚಾ ಕುಡದ ಹೋಗು" ಅಂತ ಕರೆದು ಕೂರಿಸಿದಳು.

ಅವನು ಚಿಕ್ಕವನಿದ್ದಾಗಲೇ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದವನು. ನೀರಿನ ಪೈಪುಗಳ ಎಂಜಿನಿಯರ್. ನಸುಕಿಗೇ ಕೆಲಸಕ್ಕೆ ಹೋಗಿ ಮಧ್ಯಾಹ್ನ ಮೂರಕ್ಕೆಲ್ಲ ಮನೆಯಲ್ಲಿರುತ್ತಿದ್ದ. ಅಪ್ಪ ಬದರಿನಾಥ್, ಅಮ್ಮ ಭಾನುಮತಿ ಬಾಟನಿ ಡೌನ್ಸ್‌ನಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದರು. ಅಣ್ಣ ಜಯಂತ ಓದಲೆಂದು ಸ್ವೀಡನ್ನಿಗೆ ಹೋದವನು ಗೋಥೆನ್‌ಬರ್ಗ್‌ನ ಯಾವುದೋ ನೆಲಮಾಳಿಗೆಯಲ್ಲಿ ಈ ಸಂಗೀತ ಕೇಳಿ, ಅದನ್ನು ಜ್ವರದ ಹಾಗೆ ಮೈಗೆ ಹತ್ತಿಸಿಕೊಂಡು ಮರಳಿದ್ದ. ತಮ್ಮನಿಗೂ ಹತ್ತಿಸಿದ. ಎರಡು ವರ್ಷದ ಹಿಂದೆ ಇಲ್ಲಿನ ಪಶ್ಚಿಮ ಕರಾವಳಿಯ ಬಂಡೆಯ ಮೇಲೆ ನಿಂತು ಮೀನು ಹಿಡಿಯುತ್ತಿದ್ದಾಗ ಅಲೆ ಬಂತು. ದೇಹ ಸಿಗಲಿಲ್ಲ.

ಮನೆಗೆ ಬಂದವರೆಲ್ಲ ಧೈರ್ಯ ತಂದುಕೊಳ್ಳಿ ಅಂದರು, ಹೂವಿಟ್ಟು ಹೋದರು. ಭಾನುಮತಿ ದೊಡ್ಡ ಮಗನ ಫೋಟೋ ಹಾಕಿದರು, ಅವನ ಹೆಸರೆತ್ತುವುದನ್ನು ಬಿಟ್ಟರು. ಚಿಕ್ಕ ಮಗ ಕೋಣೆಯಲ್ಲಿ ಕೂಗುತ್ತಾ ಕೂತರೆ, ಆ ಕಿರುಚಾಟ ನಿಲ್ಲಿಸು, ನನ್ನ ಕೈಲಾಗಲ್ಲ ಅಂದರು. ನಿಲ್ಲಿಸಲಾಗದೆ ಅವನು ಗ್ಯಾರೇಜ್ ಹುಡುಕಿಕೊಂಡು ಇಲ್ಲಿಗೆ ಬಂದಿದ್ದ.

ಇದನ್ನೆಲ್ಲ ಅವನು ಚಹಾದ ಲೋಟ ನೋಡುತ್ತಾ ಹೇಳಿದ. ಗಂಗವ್ವ ಅವನ ಮುಂದೆ ತಟ್ಟೆಯಿಟ್ಟು ರೊಟ್ಟಿ ಹಾಕಿದಳು.

ವಚನಾ ಮಾತು ಬದಲಿಸಲೆಂದು, ಈ ಸಂಗೀತಕ್ಕೆ ಏನನ್ನುತ್ತಾರೆ ಅಂತ ಕೇಳಿದಳು. ಕ್ರಸ್ಟ್ ಪಂಕ್, ಸ್ವೀಡನ್ನಿನ ಥರದ್ದು, ಮೆಲೊಡಿಕ್, ಅಂದರೆ ಕೂಗಿನ ಕೆಳಗೊಂದು ರಾಗ ಇರುವಂಥದ್ದು ಅಂದ. ಮೆಲೊಡಿ ಎಲ್ಲಿದೆ, ಮಿಕ್ಸರಿನಲ್ಲಿ ಕಲ್ಲು ಹಾಕಿದ ಹಾಗಿದೆ ಅಂತ ಅವಳು ಮುಖ ಕಿವುಚಿದಳು. ಕೇದಾರ ಮೊದಲ ಸಲ ನಕ್ಕ. ನಕ್ಕಾಗ ಚೆಂದ ಕಾಣುತ್ತಾನೆ ಅಂತ ಅವಳಿಗೆ ಅನ್ನಿಸಿತು. ತಕ್ಷಣ ಎದ್ದು ಹೋಗಿ ಇಲ್ಲದ ಕೆಲಸ ಹುಡುಕಿದಳು.

ಭಾನುವಾರಗಳು ಬಂದವು, ಹೋದವು. ಚಳಿಗಾಲದ ಜಡಿಮಳೆ ಮರದ ಗೋಡೆಗೆ ಬಡಿಯುತ್ತಲೇ ಇತ್ತು. ವಚನಾ ನೆಪ ಮಾಡಿಕೊಂಡು ಗ್ಯಾರೇಜಿಗೆ ಹೋಗುವಂತಾದಳು. ಹೇಮಿಗೆ ರೊಟ್ಟಿ ಇಷ್ಟವಂತೆ, ಕೊಟ್ಟುಬರುತ್ತೇನೆ ಅನ್ನುವಳು. ಹೇಮಿಗೆ ಇಷ್ಟವಿದ್ದದ್ದು ನಿಜ. ಅವಳು ಹೋಗುತ್ತಿದ್ದದ್ದು ಹೇಮಿಗಾಗಿ ಅಲ್ಲ ಅನ್ನುವುದೂ ನಿಜ!

ಒಂದು ದಿನ ಹೇಮಿ ಇರಲಿಲ್ಲ. ಕೇದಾರ ಸ್ಪೀಕರ್ ಹಚ್ಚದೆ, ಬರೀ ತಂತಿಯ ಮೇಲೆ ಆ ರಾಗವನ್ನು ಮೆಲ್ಲಗೆ ನುಡಿಸಿ ತೋರಿಸಿದ. ಸಣ್ಣ ದನಿಯ, ಬಹಳ ದುಃಖದ ರಾಗ. ವಚನಾ ಉಸಿರು ಬಿಗಿಹಿಡಿದು ಕೇಳಿದಳು. ಅಷ್ಟು ಗದ್ದಲದೊಳಗೆ ಇದು ಇತ್ತೇ?

"ಇದು ಯಾವಾಗ್ಲೂ ಇರತ್ತೆ ವಚನಾ. ಡ್ರಮ್ಸ್ ಓಡ್ತಾನೇ ಇರತ್ತೆ, ಉಸಿರಾಡಕ್ಕೂ ಬಿಡಲ್ಲ. ನಾನು ಕೂಗ್ತಾ ಇರ್ತೀನಿ... ಯುದ್ಧ, ಹೊಗೆ, ಸುಟ್ಟೋದ ಊರು, ಎಲ್ಲಾ ಮುಗೀತು ಅಂತ. ಗಿಟಾರ್ ಮಾತ್ರ ಒಪ್ಪಲ್ಲ. ಅದು ಹಾಡ್ತಾನೇ ಇರತ್ತೆ. ಕೂಗೋನು ಸೋತಿರ್ತಾನೆ ಕಣೋ, ಗಿಟಾರ್ ಸೋತಿರಲ್ಲ ಅಂತಿದ್ದ ಅಣ್ಣ."

"ನಿಮಗ ಅಳು ಬರತೈತೇನು ಕೂಗುವಾಗ?" ಅಂತ ಕೇಳಿದಳು.

"ಕೂಗೋದೇ ಅಳು. ನಿಮಗೆ?"

ವಚನಾ ಗೋಡೆ ನೋಡಿದಳು. ಅಪ್ಪ ಹೋದ ಮೇಲೆ ಅತ್ತಿಲ್ಲ ಅಂದಳು. ಯಾಕೆ ಅಂತ ಅವನು ಕೇಳಲಿಲ್ಲ. ಧೈರ್ಯ ತಂದುಕೊಳ್ಳಿ ಅನ್ನಲೂ ಇಲ್ಲ. ಕೇಳದೇ ಇದ್ದದ್ದಕ್ಕೇ ಅವನು ಅವಳಿಗೆ ಮತ್ತಷ್ಟು ಹತ್ತಿರವಾದ.

ಅವನು ಕಳಿಸಿದ ಹಾಡುಗಳನ್ನು ಅವಳು ಡೊಮಿನಿಯನ್ ರಸ್ತೆಯ ಬಸ್ಸಿನಲ್ಲಿ ಕೇಳತೊಡಗಿದಳು. ಮೊದಮೊದಲು ತಲೆನೋವು ಬರುತ್ತಿತ್ತು. ಆಮೇಲೆ ಕಿವಿ ತಾನಾಗಿ ಕೂಗಿನ ಕೆಳಗೆ ಇಳಿದು ಆ ರಾಗವನ್ನು ಹುಡುಕುವುದನ್ನು ಕಲಿಯಿತು. ಒಂದು ಬೆಳಿಗ್ಗೆ ಎರಡು ಗಿಟಾರುಗಳು ಒಟ್ಟಿಗೆ ಮೇಲೇರಿದವು, ಅವಳಿಗೆ ಅಳು ಬಂದೇಬಿಡುವ ಹಾಗಾಯಿತು. ಹೆದರಿ ಇಯರ್‌ಫೋನ್ ಕಿತ್ತು ಹಾಕಿದಳು.

'ಇಂವನ ಸಹವಾಸ ಛೊಲೊ ಅಲ್ಲ... ಇಂವ ನನ್ನ ಅಳಿಸ್ತಾನ.'

ಹಾಗೆಂದುಕೊಂಡವಳು ಅವನನ್ನು ನೋಡುವುದನ್ನು ಬಿಟ್ಟಳೇ? ಇಲ್ಲ. ಪ್ರೀತಿ ಬುದ್ಧಿ ಕೇಳಿ ಬರುವುದಿದ್ದರೆ ನನ್ನಂಥವರಿಗೆ ಬರೆಯಲು ಕಥೆಗಳೇ ಇರುತ್ತಿರಲಿಲ್ಲ.

ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ ಕಾರಂಗಹಾಪೆ ರಸ್ತೆಯ ಸಣ್ಣ ಹಾಲ್ ಒಂದರಲ್ಲಿ ಅವರ ಕಾರ್ಯಕ್ರಮ. ಕೇದಾರ ಕರೆದಿದ್ದ. ಕರೆಯುವಾಗ ಅವನ ದನಿಯಲ್ಲಿ ಏನೋ ಅಳುಕಿತ್ತು, ಹೊಸ ಹಾಡೊಂದಿದೆ, ನೀವು ಕೇಳಲೇಬೇಕು ಅಂದಿದ್ದ. ಅವ್ವ ಮೊಣಕಾಲು ನೋವು ಅಂತ ಮನೆಯಲ್ಲೇ ಉಳಿದಳು. ವಚನಾ ಅವತ್ತು ಬಹಳ ದಿನಗಳ ಮೇಲೆ ಕಣ್ಣಿಗೆ ಕಾಡಿಗೆ ಹಚ್ಚಿದಳು.

ಹಾಲಿನಲ್ಲಿ ಕತ್ತಲು, ಬಿಯರ್ ವಾಸನೆ, ಒದ್ದೆ ಜಾಕೆಟ್ಟುಗಳು. ವಚನಾ ಗೋಡೆಗೆ ಆತು ನಿಂತಳು. ಎಲ್ಲ ಹಾಡು ಮುಗಿದ ಮೇಲೆ ಕೇದಾರ ಮೈಕಿನ ಹತ್ತಿರ ಬಂದು ಇದು ಕೊನೆಯದು ಅಂದ. ಅವನ ಕಣ್ಣು ಜನರ ನಡುವೆ ಅವಳನ್ನು ಹುಡುಕಿ ನಿಂತಿತು.

ಗಿಟಾರ್ ಒಂದೇ ಶುರುವಾಯಿತು.

ವಚನಾ ಗೋಡೆ ಬಿಟ್ಟು ಮುಂದೆ ಬಂದಳು. ಈ ರಾಗ ಅವಳಿಗೆ ಗೊತ್ತು! ಚಿಕ್ಕವಳಿದ್ದಾಗ, ಅಜ್ಜಿ ಸತ್ತ ದಿನ, ರೋಣದ ಪಡಸಾಲೆಯಲ್ಲಿ, ಹೆಂಗಸರ ನಡುವೆ ಅವ್ವನ ಸೆರಗು ಹಿಡಿದು ಕೂತು ಕೇಳಿದ್ದ ರಾಗ. ಅವ್ವ ಹಾಡ್ಯಾಡಿ ಅತ್ತ ರಾಗ.

ಆಮೇಲೆ ಡ್ರಮ್ ನುಗ್ಗಿತು. ಕೇದಾರ ಕಣ್ಣು ಮುಚ್ಚಿ ಕೂಗಿದ. ಇಂಗ್ಲಿಷಿನಲ್ಲಲ್ಲ.

"ಉಣ್ಣಾಕ ಬಾ ಅಂದ್ರ ಬರಲಿಲ್ಲೋ ನನ್ನ ದೊರಿಯೇ... ಮಣ್ಣಿಗಿ ಹೋಗುವಾಗ ಮಾರಿ ತೋರಿಸಲಿಲ್ಲೋ ನನ್ನ ದೊರಿಯೇ..."

ಮಾರಿ ತೋರಿಸಲಿಲ್ಲ. ಪ್ಲಾಸ್ಟಿಕ್ ಚೀಲ. ಅದು ಅಪ್ಪ! ಅಪ್ಪನ ಸಾವು ಅಲ್ಲಿ ವೇದಿಕೆಯ ಮೇಲಿತ್ತು, ಅದರ ಮುಂದೆ ಜನ ಬಿಯರ್ ಹಿಡಿದು ತಲೆ ಕುಣಿಸುತ್ತಿದ್ದರು. ಅವ್ವ ಇವನ ಎದುರಿಗೆ ಯಾವಾಗ ಅತ್ತಳು? ಇವನು ಯಾವಾಗ ಕದ್ದು ಕೇಳಿದ?

ಅವಳು ಜನರನ್ನು ತಳ್ಳಿಕೊಂಡು ಹೊರಗೆ ಓಡಿದಳು. ಬಸ್ ಸ್ಟಾಪಿನ ಹತ್ತಿರ ಅವನು ಏದುಸಿರು ಬಿಡುತ್ತಾ ಬಂದು ಹಿಡಿದ.

"ಆ ಹಾಡು ನಿಮಗೆಲ್ಲಿ ಸಿಕ್ತು?" ಅವಳ ದನಿ ಒಣಗಿತ್ತು.

ಕೇದಾರನ ಮುಖ ಬಿಳುಚಿತು. ಅವಳಿಗೆ ಗುರುತು ಸಿಗುತ್ತದೆ ಅಂತ ಅವನು ಅಂದುಕೊಂಡಿರಲಿಲ್ಲ. "ಅದು... ನಾನು ಹೇಳಕ್ಕಾಗಲ್ಲ ವಚನಾ. ಮಾತು ಕೊಟ್ಟಿದೀನಿ."

"ನಮ್ಮವ್ವನ ಕಡೆ ಕದ್ರಿ. ಹೌದಿಲ್ಲೋ? ಉಣ್ಣಾಕ ಹಾಕಿದಾಕಿ ಕಡೆ ಕದ್ರಿ. ನನಗ ಅಪ್ಪಗ ಅಳಾಕ ಆಗಿಲ್ಲರಿ. ನೀವು ಅಂವನ್ನ ಮಂದಿ ಮುಂದ ಕುಣಸಿದ್ರಿ. ನಿಮಗ ಒಂದು ಹಾಡ ಬೇಕಿತ್ತು, ಸಿಕ್ತು. ಇನ್ನ ನಮ್ಮ ಮನಿ ಕಡೆ ಬರಬ್ಯಾಡ್ರಿ."

ಬಸ್ ಬಂತು, ಅವಳು ಹತ್ತಿದಳು. ಕಿಟಕಿಯಿಂದ ನೋಡಿದಾಗ ಅವನು ಮಳೆಯಲ್ಲಿ ಅಲ್ಲೇ ನಿಂತಿದ್ದ.

ಅಂದಿನಿಂದ ಗ್ಯಾರೇಜು ಮೌನವಾಯಿತು.

ಭಾನುವಾರ ಬಂದರೂ ಸದ್ದಿಲ್ಲ. ವಚನಾ ಕೆಲಸಕ್ಕೆ ಹೋದಳು, ಬಂದಳು, ಉಂಡಳು, ಮಲಗಿದಳು. ಅವ್ವನನ್ನು ಏನೂ ಕೇಳಲಿಲ್ಲ, ಕೇಳಿದರೆ ಅಪ್ಪನ ಮಾತು ಬರುತ್ತದೆ. ನೆಮ್ಮದಿಯಾಗಿರಬೇಕಿತ್ತು, ಇರಲಿಲ್ಲ. ಆ ಮೌನ ಕಿವಿಗೆ ಕೂಗಿಗಿಂತ ಜೋರಾಗಿತ್ತು. ಅವಳಿಗೆ ಅವನು ಬೇಕಿತ್ತು. ಬೇಕು ಅಂತ ಒಪ್ಪಿಕೊಳ್ಳಲು ಅಭಿಮಾನ ಬಿಡಲಿಲ್ಲ.

ಮೂರನೆಯ ಭಾನುವಾರ ಗಂಗವ್ವ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. ಆ ಹುಡುಗ ಯಾಕೆ ಬಾರಿಸುತ್ತಿಲ್ಲ, ಮೈಯಲ್ಲಿ ಹುಷಾರಿಲ್ಲವೇ ಅಂತ ಕೇಳಿದಳು. ವಚನಾ ಮೊದಲು ತೇಲಿಸಿದಳು, ಆಮೇಲೆ ತಡೆಯಲಾಗದೆ ಎಲ್ಲ ಹೇಳಿದಳು. ನಿನ್ನ ಅಳುವನ್ನು ಕದ್ದು ಹಾಡು ಕಟ್ಟಿದ, ಅದಕ್ಕೆ ಬರಬೇಡ ಅಂದೆ ಅಂದಳು.

ಗಂಗವ್ವ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಅಂವ ಕದ್ದಿಲ್ಲವ್ವಾ. ನಾನ ಕೊಟ್ಟೀನಿ."

ವಚನಾ ಅವ್ವನ ಎದುರಿಗೆ ಕೂತಳು.

"ನೀ ದವಾಖಾನಿಗೆ ಹೋದಮ್ಯಾಲೆ ಮಧ್ಯಾಹ್ನ ಅಂವನ ಗ್ಯಾರೇಜಿಗೆ ಹೋಗ್ತಿದ್ದೆ. ಹೆಣಾ ಮುಂದಿರಲಿಲ್ಲ, ಹೆಂಗ ಅಳಬೇಕು ಅಂತ ನನಗ ತಿಳೀವಲ್ದಾಗಿತ್ತು. ನಮ್ಮಣ್ಣನೂ ಸಿಗಲಿಲ್ಲ ಆಂಟಿ ಅಂದ ಅಂವ. ಹಂಗಾರ ಕೂಡೇ ಅಳೋಣ ಬಾ ಅಂದೆ. ನಾ ಅಳೂವಾಗ ಆ ಯಂತ್ರ ಜೋರ್ ಹಚ್ಚಿ ಬಾರಸ್ತಿದ್ದ ಹುಡುಗ, ನನ್ನ ದನಿ ಓಣ್ಯಾಗ ಯಾರಿಗೂ ಕೇಳಬಾರದು ಅಂತ. ನನ್ನ ಕಡೆ ಬೆನ್ನ ಮಾಡಿ ನಿಂದರ್ತಿದ್ದ."

ಸೆರಗಿನಿಂದ ಮೂಗು ಒರೆಸಿಕೊಂಡಳು. ಮುಂದಿನದನ್ನು ತಡೆದು ತಡೆದು ಹೇಳಿದಳು. ಮಗಳು ಕಲ್ಲಾಗಿದ್ದಾಳೆ, ನಾನು ಅಳುವುದನ್ನು ನೋಡಿದರೆ ಮುರಿದುಬೀಳುತ್ತಾಳೆ, ನೀನೇ ಇದನ್ನು ಅವಳ ಮುಂದೆ ಹಾಡು, ನನ್ನದು ಅಂತ ಮಾತ್ರ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳಂತೆ. ಪಟ್ಟಣದಲ್ಲಿ ಓದಿದ ಮಗಳಿಗೆ ಹಳ್ಳಿಯ ಅಳುವಿನ ರಾಗ ಎಲ್ಲಿ ನೆನಪಿರುತ್ತದೆ ಅಂದುಕೊಂಡಿದ್ದಳಂತೆ.

ನೋಡಿದಿರಾ? ಮಗಳು ಕುಸಿಯುತ್ತಾಳೆ ಅಂತ ತಾಯಿ ತಡೆದಳು, ತಾಯಿ ಕುಸಿಯುತ್ತಾಳೆ ಅಂತ ಮಗಳು ತಡೆದಳು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ. ಈ ಇಬ್ಬರ ನಡುವೆ ಸಿಕ್ಕಿಕೊಂಡ ಪರರ ಹುಡುಗ ಕೊಟ್ಟ ಮಾತಿಗೆ ಕಟ್ಟುಬಿದ್ದು ಕಳ್ಳ ಅನ್ನಿಸಿಕೊಂಡ.

ವಚನಾ ಚಪ್ಪಲಿ ಕೂಡ ಮೆಟ್ಟದೆ ಹಿತ್ತಲಿಗೆ ಓಡಿದಳು.

ಶಟರ್ ಅರ್ಧ ತೆರೆದಿತ್ತು. ಒಳಗೆ ಗೋಡೆ ಬರಿದಾಗಿತ್ತು. ಡ್ರಮ್ಮುಗಳು ಬಿಚ್ಚಿ ಮೂಲೆ ಸೇರಿದ್ದವು. ಕೇದಾರ ನೆಲದ ಮೇಲೆ ಕೂತು ವೈರು ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ, ಹತ್ತಿರ ಬರಲಿಲ್ಲ. ಕಣ್ಣ ಸುತ್ತ ಕಪ್ಪಾಗಿತ್ತು.

ಬಾಟನಿ ಡೌನ್ಸಿಗೆ, ಅಮ್ಮನ ಮನೆಗೆ ಹೋಗುತ್ತಿದ್ದೇನೆ ಅಂದ. ಕೂಗುವುದನ್ನು ಬಿಟ್ಟೆ ಅಂದ. ನಿಮಗೆ ನೋವು ಮಾಡಿದ ದನಿ ನನಗೆ ಬೇಡ ಅಂದ.

"ಅವ್ವ ಎಲ್ಲಾ ಹೇಳಿದ್ಲು," ಅಂದಳು ವಚನಾ. "ಬಸ್ ಸ್ಟಾಪಿನ್ಯಾಗ ಒಂದ ಮಾತ ಹೇಳಿದ್ರ ಆಗ್ತಿತ್ತಲ್ಲ?"

"ಆಂಟಿಗೆ ಮಾತು ಕೊಟ್ಟಿದ್ದೆ."

"ನಾ ನಿಮ್ಮನ್ನ ಕಳ್ಳ ಅಂದೆ."

"ಪರವಾಗಿಲ್ಲ. ಅವ್ರು ಅಳಕ್ಕಾಯ್ತಲ್ಲ, ನಂಗೆ ಅದು ಸಾಕಿತ್ತು." ಅವನು ಕೈಯಲ್ಲಿದ್ದ ವೈರನ್ನು ನೋಡಿದ. "ನೀವೂ ಅಳ್ಲಿ ಅಂತ ಆಸೆ ಪಟ್ಟೆ. ಅದು ನನ್ನ ತಪ್ಪು."

ವಚನಾ ಮೂಲೆಯಲ್ಲಿದ್ದ ಗಿಟಾರನ್ನು ತಂದು ಅವನ ಕೈಗಿಟ್ಟಳು.

"ಬಾರಸ್ರಿ. ಅವ್ವಗ ಎಷ್ಟ ಜೋರ್ ಹಚ್ಚತಿದ್ರೋ ಅಷ್ಟು."

ಅವನು ಅವಳನ್ನೇ ನೋಡಿದ. ಆಮೇಲೆ ಸುತ್ತಿಟ್ಟ ವೈರನ್ನು ಬಿಚ್ಚಿ ಸಿಕ್ಕಿಸಿದ. ಶಟರ್ ಕೆಳಗೆಳೆದ. ಅವಳ ಕಡೆ ಬೆನ್ನು ಮಾಡಿ ನಿಂತು ತಂತಿ ಮೀಟಿದ.

ನೆಲ ನಡುಗಿತು. ಅವಳ ಪಕ್ಕೆಲುಬು ನಡುಗಿತು. ಆ ಒರಟು ಗದ್ದಲದ ಕೆಳಗಿನಿಂದ ರೋಣದ ಪಡಸಾಲೆಯ ರಾಗ ಎದ್ದುಬಂತು, ಬಂದು ಅವಳನ್ನು ಸುತ್ತಿಕೊಂಡಿತು. ವಚನಾ ಬಾಯಿ ತೆರೆದಳು. ಮೊದಲು ಏನೂ ಬರಲಿಲ್ಲ, ಬರೀ ಗಾಳಿ.

ಆಮೇಲೆ ಬಂತು.

"ಅಪ್ಪಾ..."

ಕಟ್ಟೆ ಒಡೆಯಿತು. ಅವಳು ಸಿಮೆಂಟು ನೆಲದ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಗಂಟಲು ಹರಿಯುವ ಹಾಗೆ ಕೂಗಿದಳು. ನನ್ನ ಬಿಟ್ಟ ಒಬ್ಬನೇ ಹೋದೆಲ್ಲೋ ಅಪ್ಪಾ, ಕೈ ಹಿಡಿಯಾಕ ಯಾರೂ ಇರಲಿಲ್ಲಲ್ಲೋ ಅಪ್ಪಾ ಅಂತ, ತಾನು ಎಂದೂ ಕಲಿಯದ ಹಾಡನ್ನು ಕಲಿತವಳ ಹಾಗೆ ಅತ್ತಳು. ಅವಳಿಗೆ ಅವಳ ದನಿಯೇ ಕೇಳಿಸುತ್ತಿರಲಿಲ್ಲ. ಅದಕ್ಕೇ ನಾಚಿಕೆಯಿಲ್ಲದೆ ಅಳಲಾಯಿತು.

ಎಷ್ಟೋ ಹೊತ್ತಿನ ಮೇಲೆ ಗಿಟಾರ್ ನಿಂತಿತು. ಅಳು ನಿಲ್ಲಲಿಲ್ಲ. ಈಗ ಬರೀ ಅವಳ ದನಿ ಆ ಗ್ಯಾರೇಜಿನಲ್ಲಿ. ಕೇದಾರ ತಿರುಗಿ ಬಂದು ಅವಳ ಎದುರಿಗೆ ನೆಲದ ಮೇಲೆ ಕೂತ. ಅವಳು ಅವನ ಅಂಗಿ ಹಿಡಿದುಕೊಂಡಳು, ಹಣೆಯನ್ನು ಅವನ ಎದೆಗೆ ಒತ್ತಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ.

"ನೀವು ಹೋಗಬ್ಯಾಡ್ರಿ," ಅಂದಳು ಬಿಕ್ಕುತ್ತಾ. "ನೀವು ಇಲ್ಲದ ಭಾನುವಾರ ನನ್ನ ಕಡೆ ಆಗೂದಿಲ್ಲ. ನೀವಂದ್ರ ನನಗ ಜೀವ. ಹೇಳಾಕ ಅಂಜಿಕಿ ಬರ್ತಿತ್ತು."

ಕೇದಾರ ಅವಳ ಕೂದಲು ಸವರಿದ.

"ಶಟರ್ ತೆಗ್ದಾಗ ನೀನು ನಿಂತಿದ್ಯಲ್ಲ," ಅಂದ. ನೀವು ಅನ್ನುವುದು ಅವನಿಗೇ ಗೊತ್ತಿಲ್ಲದೆ ನೀನು ಆಗಿತ್ತು. "ಆವತ್ತಿಂದ ನೀನಂದ್ರೆ ನಂಗೂ ಅಷ್ಟೇ."

ಅವಳು ಮುಖ ಎತ್ತಿದಳು. ಕೆನ್ನೆಯೆಲ್ಲ ತೊಯ್ದಿತ್ತು. ಅವನ ಕೆನ್ನೆಯೂ ಒದ್ದೆಯಾಗಿತ್ತು. ಅವನ ಅಣ್ಣನ ಹೆಸರು ಹಿಡಿದು ಯಾರಾದರೂ ಅತ್ತಿದ್ದಾರೆಯೇ ಅಂತ ಕೇಳಿದಳು. ಇಲ್ಲ ಅಂದ. ಅಮ್ಮ ಹೆಸರೇ ಎತ್ತಲ್ಲ, ನಾನು ಬರೀ ಕೂಗ್ತೀನಿ, ಹೆಸರು ಬಾಯಿಗೆ ಬರಲ್ಲ ಅಂದ.

"ನಾ ಅಳ್ತೀನಿ ಅಂವಗ," ಅಂದಳು ವಚನಾ. "ಆದ್ರ ಹಾಡ್ಯಾಡಿ ಅಳಬೇಕಂದ್ರ ಸುಮ್ಮ ಹೆಸರ ಹಿಡದು ಕರಿಯಾಂಗಿಲ್ಲ. ಸಂಬಂಧ ಹಿಡದ ಕರೀಬೇಕು. ಪರಕೀಯರು ಅಳಾಂಗಿಲ್ಲ. ನಾ ಜಯಂತಗ ಏನಂತ ಕರೀಲಿ?"

ಕೇದಾರ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಭಾವ ಅಂತ ಕರಿ."

ವಚನಾ ಅವನ ಕಣ್ಣುಗಳನ್ನೇ ನೋಡಿದಳು. "ಖರೇನ?"

"ಖರೇ," ಅಂದ ಅವನು, ಅವಳದೇ ಮಾತಿನಲ್ಲಿ.

ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಅವನ ಕೈ ಬಿಡದೆ, ನೇರವಾಗಿ ಕೂತು, ಉಸಿರು ಎಳೆದುಕೊಂಡಳು. ದೇಹವೂ ಸಿಗದೆ ಹೋದ ಆ ಹುಡುಗನನ್ನು ಅವತ್ತು ಮೊದಲ ಸಲ ಮನೆಯವರೊಬ್ಬರು ಕರೆದು ಅತ್ತರು.

"ಭಾವಾ..."

ಕೇದಾರ ತಲೆ ಬಗ್ಗಿಸಿದ. ಅವಳ ಜೊತೆ, ಕೂಗದೆ, ಮೆಲ್ಲಗೆ ಅತ್ತ.